ಪೋರ್ಟರ್ ಬೆನ್ನಿಗೆ ಎಷ್ಟು ಕಿಲೋ, ಕೈಗೆ ಎಷ್ಟು ರೂಪಾಯಿ?

ಪ್ರಶ್ನೆ: ಬರುವ ಅಕ್ಟೋಬರ್‌ನಲ್ಲಿ ನಾವು ಐದು ಜನ ಸ್ನೇಹಿತರು ಬೆಂಗಳೂರಿನಿಂದ ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಹೊರಟಿದ್ದೇವೆ. ಕುಮಾರ ಪರ್ವತ, ತಡಿಯಂಡಮೋಳ್‌ಗಳನ್ನೆಲ್ಲ ನಮ್ಮ ಚೀಲ ನಾವೇ ಹೊತ್ತು ಹತ್ತಿದವರು. ಈಗ ಇನ್ನೊಬ್ಬರ ಬೆನ್ನಿಗೆ ಹೊರೆ ಹೇರುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಏಜೆನ್ಸಿಯವರು ‘ಇಬ್ಬರಿಗೊಬ್ಬ ಪೋರ್ಟರ್, ಪ್ಯಾಕೇಜಿನಲ್ಲಿ ಎಲ್ಲ ಸೇರಿದೆ’ ಎನ್ನುತ್ತಾರೆ. ಒಬ್ಬರು ಎಷ್ಟು ಹೊರಬಹುದು? ಅವರ ಕೈಗೆ ಎಷ್ಟು ಸೇರುತ್ತದೆ? ಟಿಪ್ಸ್ ಎಷ್ಟು ಕೊಡಬೇಕು? ನಮ್ಮ ಹಳೇ ಜಾಕೆಟ್, ಶೂ ಒಯ್ದು ಕೊಟ್ಟರೆ ಉಪಯೋಗವಾಗುತ್ತದೆಯೇ?

ಉತ್ತರ:

ಪೋರ್ಟರ್ ಇಟ್ಟುಕೊಳ್ಳಿ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಪೂರ್ವ ನೇಪಾಳದ ಗುಡ್ಡಗಾಡಿನ ಎಷ್ಟೋ ಮನೆಗಳಿಗೆ ವಸಂತದ ಎರಡು ತಿಂಗಳು, ಶರತ್ಕಾಲದ ಎರಡು ತಿಂಗಳ ಈ ಕೆಲಸವೇ ವರ್ಷದ ನಗದು ಆದಾಯ. ನೀವು ಚೀಲ ಹೊತ್ತುಕೊಂಡರೆ ಯಾರಿಗೂ ಉಪಕಾರವಾಗುವುದಿಲ್ಲ, ಒಬ್ಬರ ಕೂಲಿ ತಪ್ಪುತ್ತದೆ ಅಷ್ಟೆ. ವಿಚಾರಿಸಬೇಕಾದದ್ದು ‘ಎಲ್ಲ ಸೇರಿದೆ’ ಎಂಬ ಮಾತಿನೊಳಗೆ ಏನೇನು ಸೇರಿಲ್ಲ ಎನ್ನುವುದನ್ನು.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ನಿಮ್ಮ ಚೀಲ ಹೊರುವವರು ಶೆರ್ಪಾ, ಅವರಿಗೆ ಎತ್ತರ ಏನೂ ಮಾಡುವುದಿಲ್ಲ ಎಂದುಕೊಂಡೇ ಹೆಚ್ಚಿನವರು ಹೋಗುತ್ತಾರೆ. ಎವರೆಸ್ಟ್ ಬುಡದ ಖುಂಬು ಕಣಿವೆಯ ಶೆರ್ಪಾ ಕುಟುಂಬಗಳು ಬಹುಮಟ್ಟಿಗೆ ಲಾಡ್ಜ್ ನಡೆಸುತ್ತಿವೆ, ಇಲ್ಲವೇ ಗೈಡ್ ಮತ್ತು ಪರ್ವತಾರೋಹಣದ ಕೆಲಸದಲ್ಲಿವೆ. ಚಾರಣಿಗರ ಚೀಲ ಹೊರುವವರಲ್ಲಿ ಹೆಚ್ಚಿನವರು ಖೋಟಾಂಗ್, ಭೋಜಪುರ, ಓಖಲ್‌ಢುಂಗಾ ಕಡೆಯಿಂದ ಬರುವ ರಾಯ್, ತಮಾಂಗ್, ಮಗರ್ ಸಮುದಾಯದವರು. ಅವರಲ್ಲಿ ಅನೇಕರ ಊರು ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ತಗ್ಗಿನಲ್ಲಿದೆ. ನೀವು ವಿಮಾನದಲ್ಲಿ ಬಂದಿಳಿಯುವ ಲುಕ್ಲಾ ಸುಮಾರು 2850 ಮೀಟರ್, ನಾಮ್ಚೆ ಬಜಾರ್ 3440, ಡಿಂಗ್‌ಬೋಚೆ 4410, ಲೋಬುಚೆ 4940, ಗೋರಖ್‌ಶೆಪ್ 5164. ಈ ಮೆಟ್ಟಿಲುಗಳನ್ನು ಏರುವಾಗ ನಿಮಗೆ ಬರುವ ತಲೆನೋವು, ವಾಕರಿಕೆ ಅವರಿಗೂ ಬರುತ್ತದೆ. ನೀವು ಬಾಯಿಬಿಟ್ಟು ಹೇಳಿಕೊಳ್ಳುತ್ತೀರಿ, ಅವರು ಹೇಳುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಏಕೆ ಹೇಳುವುದಿಲ್ಲ? ಹೇಳಿದರೆ ಆ ದಿನದಿಂದ ಕೂಲಿ ನಿಲ್ಲುತ್ತದೆ. ಮುಂದಿನ ತಂಡಕ್ಕೆ ‘ಅವನು ಗಟ್ಟಿಗನಲ್ಲ’ ಎಂದು ಹೆಸರು ಬಿಟ್ಟುಬಿಡುತ್ತಾರೆ. ಸಂಜೆ ತೂರಾಡಿದರೆ ‘ರಕ್ಸಿ ಕುಡಿದಿದ್ದಾನೆ’ ಎಂದು ನಗುವವರೇ ಹೆಚ್ಚು. 1997ರಲ್ಲಿ ನೇಪಾಳದಲ್ಲಿ 20 ವರ್ಷದ ಒಬ್ಬ ಪೋರ್ಟರ್‌ಗೆ ಎತ್ತರದ ಕಾಯಿಲೆ ಬಲವಾದಾಗ ಲೆಕ್ಕ ಚುಕ್ತಾ ಮಾಡಿ ಒಬ್ಬನನ್ನೇ ಕೆಳಗೆ ಕಳಿಸಿದರು. ಆತ ಬದುಕಲಿಲ್ಲ. ಆ ಸಾವಿನ ನಂತರವೇ ಇಂಟರ್‌ನ್ಯಾಷನಲ್ ಪೋರ್ಟರ್ ಪ್ರೊಟೆಕ್ಷನ್ ಗ್ರೂಪ್ ಹುಟ್ಟಿಕೊಂಡಿತು. ಬಟ್ಟೆ, ವಸತಿ, ಚಿಕಿತ್ಸೆ, ಹೊರೆಯ ಮಿತಿ, ಕಾಯಿಲೆಯಾದವರನ್ನು ಇಳಿಸುವ ರೀತಿ, ಇವುಗಳ ಬಗ್ಗೆ ಅದು ಮಾಡಿದ ನಿಯಮಗಳೇ ಇವತ್ತಿಗೂ ಒಳ್ಳೆಯ ಏಜೆನ್ಸಿಗಳಿಗೆ ಅಳತೆಗೋಲು.

ಈಗ ಭಾರದ ಲೆಕ್ಕ. ನೇಪಾಳದಲ್ಲಿ ಚಾರಣದ ಪೋರ್ಟರ್‌ಗೆ 30 ಕಿಲೋ ಮೇಲ್ಮಿತಿ ಎಂದು ಒಪ್ಪಿಕೊಂಡಿದ್ದಾರೆ. ಕಿಲಿಮಂಜಾರೋದಲ್ಲಿ ಅದು 20 ಕಿಲೋ. 30 ಎಂದರೆ ಮುಟ್ಟಲೇಬೇಕಾದ ಗುರಿಯಲ್ಲ. ಅವರ ಸ್ವಂತ ಬಟ್ಟೆ, ಹೊದಿಕೆ 4–5 ಕಿಲೋ ಅದರೊಳಗೇ ಬರಬೇಕು. ಹಾಗಾಗಿ ಇಬ್ಬರ ಚೀಲ ಸೇರಿ 25 ಕಿಲೋ ದಾಟಬಾರದು, ಅಂದರೆ ತಲೆಗೆ 12 ಕಿಲೋ. ನೀವು ಐದು ಜನ, ಒಟ್ಟು 60 ಕಿಲೋ. ‘ಇಬ್ಬರಿಗೊಬ್ಬ’ ಎಂದರೆ ಎರಡೂವರೆ ಪೋರ್ಟರ್ ಆಗುತ್ತದೆ. ಇಲ್ಲೇ ಎಡವಟ್ಟಾಗುವುದು. ಆ ಅರ್ಧವನ್ನು ಉಳಿಸಲು ಏಜೆನ್ಸಿ ಇಬ್ಬರನ್ನೇ ಕೊಟ್ಟು ಐದನೇ ಚೀಲವನ್ನು ಅವರ ಮೇಲೆ ಹಂಚಿಬಿಡುತ್ತದೆ. ಆಗ ಒಬ್ಬೊಬ್ಬರ ಬೆನ್ನಿಗೆ 30, ತಮ್ಮದು ಸೇರಿ 35. ಮೂವರನ್ನೇ ಕೇಳಿ. ತಲೆಗೆ 20 ಕಿಲೋ ಬೀಳುತ್ತದೆ, ಮೇಲೆ ಒಬ್ಬರಿಗೆ ಹುಷಾರು ತಪ್ಪಿದರೂ ಉಳಿದಿಬ್ಬರು ಒಂದೆರಡು ದಿನ ಸುಧಾರಿಸಿಕೊಳ್ಳಬಹುದು.

‘ನಾಮ್ಚೆ ದಾರಿಯಲ್ಲಿ 80–90 ಕಿಲೋ ಹೊತ್ತವರನ್ನೇ ನೋಡಿದ್ದೇವಲ್ಲ’ ಎಂದು ವಾದಿಸುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ನೋಡಿದ್ದು ನಿಜವೇ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಮ್ಚೆ ಸಂತೆಗೆ ಸಾಮಾನು ಸಾಗಿಸುತ್ತಿದ್ದವರನ್ನು ದಾರಿಯಲ್ಲೇ ತೂಗಿದ್ದರು: ಗಂಡಸರ ಹೊರೆ ಸರಾಸರಿ ಅವರ ದೇಹತೂಕದ ಶೇ. 93, ಹೆಂಗಸರದ್ದು ಶೇ. 66. ಆದರೆ ಅವರು ಕಿಲೋ ಲೆಕ್ಕದ ಕೂಲಿಗೆ ಬಿಯರ್ ಕ್ರೇಟ್, ಪ್ಲೈವುಡ್, ಗ್ಯಾಸ್ ಸಿಲಿಂಡರ್ ಒಯ್ಯುವ ಸರಕು ಸಾಗಣೆಯವರು. ಬಿದಿರಿನ ‘ಡೋಕೋ’ ಬುಟ್ಟಿ, ತಲೆಗೆ ‘ನಾಮ್ಲೋ’ ಪಟ್ಟಿ, ಕೈಯಲ್ಲಿ ಟಿ ಆಕಾರದ ‘ಟೊಕ್ಮಾ’ ಕೋಲು. ಹತ್ತಾರು ಹೆಜ್ಜೆಗೊಮ್ಮೆ ಆ ಕೋಲನ್ನು ಬುಟ್ಟಿಯ ಅಡಿಗೆ ಕೊಟ್ಟು, ಹೊರೆ ಇಳಿಸದೆ ನಿಂತೇ ಉಸಿರು ತೆಗೆದುಕೊಳ್ಳುತ್ತಾರೆ. ತಮ್ಮ ಲಯದಲ್ಲಿ ನಡೆದು 3440 ಮೀಟರ್‌ಗೆ ಇಳಿಸಿ ವಾಪಸ್ಸಾಗುತ್ತಾರೆ. ನಿಮ್ಮ ಪೋರ್ಟರ್ ನಿಮ್ಮ ವೇಳಾಪಟ್ಟಿಗೆ ಕಟ್ಟುಬಿದ್ದು 5000 ಮೀಟರ್ ದಾಟಬೇಕು, ಅಲ್ಲೇ ಮಲಗಬೇಕು. ಎರಡೂ ಬೇರೆ ಬೇರೆ ಕೆಲಸ. (ನಾಮ್ಚೆಯಲ್ಲಿ ನೀವು ಕುಡಿಯುವ ಬಿಯರ್ ಕೂಡ ಎಷ್ಟೋ ಸಲ ಯಾರದೋ ಬೆನ್ನಿನ ಮೇಲೇ ಬಂದದ್ದು. ಬೆಲೆ ಜಾಸ್ತಿ ಎಂದು ಲಾಡ್ಜಿನಲ್ಲಿ ಚೌಕಾಸಿ ಮಾಡುವವರು ಇದನ್ನು ನೆನಪಿಡುವುದು ಒಳ್ಳೆಯದು.)

ಹನ್ನೆರಡು ಕಿಲೋಗೆ ಚೀಲ ಇಳಿಸುವುದು ಕಷ್ಟವೇನಲ್ಲ. ಡಫಲ್ ಚೀಲವೇ ಒಂದೂವರೆ, ಸ್ಲೀಪಿಂಗ್ ಬ್ಯಾಗ್ ಒಂದೂವರೆ, ಡೌನ್ ಜಾಕೆಟ್ ಮುಕ್ಕಾಲು, ಉಳಿದ ಬಟ್ಟೆ ನಾಲ್ಕು, ಚಪ್ಪಲಿ, ಸೋಪು, ಔಷಧಿ ಎಲ್ಲ ಸೇರಿ ಎರಡು. ಹತ್ತಕ್ಕೇ ಮುಗಿಯಬೇಕು. ಮುಗಿಯದೆ ಇರುವುದು ಚಕ್ಕುಲಿ, ಚಟ್ನಿಪುಡಿ, ಎಂಟಿಆರ್ ಉಪ್ಪಿಟ್ಟಿನ ಪೊಟ್ಟಣ, ಗಾಜಿನ ಬಾಟಲಿಯ ಉಪ್ಪಿನಕಾಯಿ, ನಾಲ್ಕನೇ ಜೀನ್ಸ್ ಪ್ಯಾಂಟು ಇವುಗಳಿಂದ. ಚಟ್ನಿಪುಡಿ ಇರಲಿ, ಮೇಲೆ ನಾಲಿಗೆ ಸತ್ತಾಗ ಬೇಕಾಗುತ್ತದೆ. ಗಾಜು ಬೇಡ. ಲುಕ್ಲಾ ವಿಮಾನದಲ್ಲಿ ಕೈಚೀಲ ಸೇರಿ ಸಾಮಾನ್ಯವಾಗಿ 15 ಕಿಲೋ ಮಾತ್ರ ಬಿಡುತ್ತಾರೆ, ಆ ಮಿತಿಯೂ ನಿಮ್ಮ ನೆರವಿಗೆ ಬರುತ್ತದೆ. 300–400 ರೂಪಾಯಿಗೆ ಸಿಗುವ ನೇತುಹಾಕುವ ತೂಕದ ಯಂತ್ರ ಒಂದನ್ನು ತಂಡಕ್ಕೆ ಇಟ್ಟುಕೊಳ್ಳಿ. ಲುಕ್ಲಾದಲ್ಲಿ ಹೊರೆ ಕಟ್ಟುವಾಗ ಪೋರ್ಟರ್‌ಗಳ ಎದುರೇ ತೂಗಿ. ಗೈಡ್ ತನ್ನ ಚೀಲವನ್ನೂ ಮೆಲ್ಲಗೆ ಅದರ ಮೇಲೆ ಸೇರಿಸುವುದುಂಟು. ತಕ್ಕಡಿ ಕಣ್ಣೆದುರು ಇದ್ದರೆ ಅದು ನಡೆಯುವುದಿಲ್ಲ.

ಚಕ್ರದ ಸೂಟ್‌ಕೇಸ್ ಒಯ್ಯಲೇಬೇಡಿ. ಎರಡು ಡಫಲ್‌ಗಳನ್ನು ಒಂದರ ಮೇಲೊಂದಿಟ್ಟು ಹಗ್ಗದಿಂದ ಬಿಗಿದು, ಆ ಹಗ್ಗಕ್ಕೇ ನಾಮ್ಲೋ ಸಿಕ್ಕಿಸುತ್ತಾರೆ. ಗಟ್ಟಿ ಮೂಲೆ, ಚಕ್ರ, ಹಿಡಿಕೆ ಇದ್ದರೆ ಅದು ದಿನವಿಡೀ ಬೆನ್ನುಮೂಳೆಗೆ ಒತ್ತುತ್ತದೆ. ಭಾರದ ವಸ್ತು ಚೀಲದ ನಡುವೆ, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ. ಮಳೆಯಲ್ಲಿ ನೆನೆದ ಡಫಲ್ ಒಂದೆರಡು ಕಿಲೋ ಭಾರವಾಗುತ್ತದೆ. ನೀರು, ಮಳೆಯಂಗಿ, ಔಷಧಿ, ಬೆಚ್ಚನೆಯ ಒಂದು ಅಂಗಿ ನಿಮ್ಮ ಸಣ್ಣ ಬೆನ್ನುಚೀಲದಲ್ಲೇ ಇರಬೇಕು. ಪೋರ್ಟರ್ ದಾರಿಯಲ್ಲಿ ನಿಮ್ಮ ಪಕ್ಕದಲ್ಲಿರುವುದಿಲ್ಲ.

ಗಮನಕ್ಕೆ ಬಾರದ ಇನ್ನೊಂದು ಸಂಗತಿ: ಬೆಳಿಗ್ಗೆ ನೀವು ಚೀಲ ಕಟ್ಟಿಕೊಡುವ ಹೊತ್ತು. ಆರೂವರೆಗೆ ಎಂದು ಹೇಳಿ ಏಳೂವರೆಗೆ ಕೊಟ್ಟರೆ ಅವರು ಮುಂದಿನ ಊರು ತಲುಪುವುದೂ ಒಂದು ಗಂಟೆ ತಡ. ಅಕ್ಟೋಬರ್‌ನ ನೂಕುನುಗ್ಗಲಿನಲ್ಲಿ ಲೋಬುಚೆ, ಗೋರಖ್‌ಶೆಪ್‌ಗಳಲ್ಲಿ ಲಾಡ್ಜ್‌ಗಳು ಬೆರಳೆಣಿಕೆಯಷ್ಟು. ಪೋರ್ಟರ್‌ಗಳ ಕೋಣೆಯಲ್ಲಿ ಮೊದಲು ಬಂದವರಿಗೆ ಮಂಚ. ತಡವಾದವರು ಊಟದ ಹಾಲ್‌ನಲ್ಲಿ ಚಾರಣಿಗರೆಲ್ಲ ಎದ್ದುಹೋಗುವವರೆಗೆ ಕಾದು, ಆಮೇಲೆ ಬೆಂಚಿನ ಮೇಲೆ ಮಲಗಬೇಕು. ನೀವು ಒಲೆಯ ಪಕ್ಕ ಹತ್ತೂವರೆವರೆಗೆ ಇಸ್ಪೀಟು ಆಡುತ್ತಿದ್ದರೆ ಇನ್ನೊಬ್ಬರ ಹಾಸಿಗೆಯ ಮೇಲೆ ಕೂತಿದ್ದೀರಿ ಎಂದೇ ತಿಳಿಯಿರಿ. ಆ ಎತ್ತರದಲ್ಲಿ ಅಕ್ಟೋಬರ್ ಕೊನೆಯ ರಾತ್ರಿಗಳು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುತ್ತವೆ, ಹಾಲ್‌ನ ಒಲೆ ರಾತ್ರಿ ಆರಿರುತ್ತದೆ.

ಕೂಲಿಗೆ ಬರೋಣ. ಬೆಂಗಳೂರಿನ ಕಂಪನಿ ಕಾಠ್ಮಂಡು ಏಜೆನ್ಸಿಗೆ ಕೊಡುತ್ತದೆ, ಏಜೆನ್ಸಿ ಗೈಡ್‌ಗೆ, ಗೈಡ್ ಲುಕ್ಲಾದ ‘ನಾಯ್ಕೆ’ಗೆ, ಅಂದರೆ ಮೇಸ್ತ್ರಿಗೆ. ಪೋರ್ಟರ್ ನಾಲ್ಕನೆಯ ಕೈ. ಪ್ರತಿ ಕೈಯಲ್ಲೂ ಒಂದಿಷ್ಟು ಸೋರುತ್ತದೆ. ಹಾಗಾಗಿ ‘ಪೋರ್ಟರ್‌ಗೆ ದಿನಕ್ಕೆ ಎಷ್ಟು’ ಎಂದಷ್ಟೇ ಕೇಳಿದರೆ ನಿಮಗೆ ಸಿಗುವುದು ಏಜೆನ್ಸಿಯ ದರ, ಈಚೆಗೆ ಸಾಮಾನ್ಯವಾಗಿ 20ರಿಂದ 25 ಡಾಲರ್. ‘ಅವರ ಕೈಗೆ ದಿನಕ್ಕೆ ಎಷ್ಟು ನೇಪಾಳಿ ರೂಪಾಯಿ, ಊಟ ಮತ್ತು ವಸತಿ ಅದರಲ್ಲೇ ಕಳೆಯುತ್ತದೆಯೋ ಬೇರೆಯೋ’ ಎಂದು ಕೇಳಬೇಕು.

ಊಟ ಅದರಲ್ಲೇ ಎಂದಾದರೆ ಎಚ್ಚರ. ಮೇಲೆ ಹೋದಂತೆಲ್ಲ ದಾಲ್‌ಭಾತ್ ಬೆಲೆ ಏರುತ್ತದೆ, ಪೋರ್ಟರ್‌ಗಳಿಗೆ ಕಡಿಮೆ ದರ ಇದ್ದರೂ ಅದೂ ಏರುತ್ತದೆ. ದಿನದ ಕೂಲಿ ಮಾತ್ರ ಅಷ್ಟೇ ಇರುತ್ತದೆ. ಮನೆಗೆ ನಾಲ್ಕು ಕಾಸು ಒಯ್ಯಬೇಕೆನ್ನುವವರು ಆಗ ಉಳಿಸುವುದು ಊಟದಲ್ಲಿ. ಹೆಚ್ಚು ಶಕ್ತಿ ಬೇಕಾದ ಕಡೆಯೇ ಎರಡು ಊಟ ಒಂದಾಗುತ್ತದೆ, ಒಂದು ಹೊತ್ತು ನೂಡಲ್ಸ್‌ಗೆ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಹೊರೆ ಹೊತ್ತವರಿಗೆ ಚಳಿಯೂ ಬೇಗ ಹಿಡಿಯುತ್ತದೆ. 4000 ಮೀಟರ್ ಮೇಲೆ ಊಟ–ವಸತಿ ಏಜೆನ್ಸಿಯೇ ನೇರವಾಗಿ ಲಾಡ್ಜ್‌ಗೆ ಕಟ್ಟುವ ಒಪ್ಪಂದ ಎಲ್ಲಕ್ಕಿಂತ ವಾಸಿ.

ನಿಮ್ಮ ಬಜೆಟ್ಟಿಗೆ ಹೀಗೆ ಲೆಕ್ಕ ಹಾಕಿ. ಲುಕ್ಲಾದಿಂದ ಲುಕ್ಲಾಕ್ಕೆ, ನಾಮ್ಚೆ ಮತ್ತು ಡಿಂಗ್‌ಬೋಚೆಯಲ್ಲಿ ಒಂದೊಂದು ದಿನ ನಿಲ್ಲುವುದೂ ಸೇರಿ 11 ದಿನ. ದಿನಕ್ಕೆ 2500 ನೇಪಾಳಿ ರೂಪಾಯಿ ಹಿಡಿದರೆ ಮೂವರಿಗೆ 82,500. ನಮ್ಮ 100 ರೂಪಾಯಿಗೆ 160 ನೇಪಾಳಿ ರೂಪಾಯಿ, ಇದು ನಿಗದಿತ ದರ. ಅಂದರೆ ಸುಮಾರು 51,500 ಭಾರತೀಯ ರೂಪಾಯಿ, ನಿಮ್ಮಲ್ಲಿ ಒಬ್ಬೊಬ್ಬರಿಗೆ ಹತ್ತು ಸಾವಿರದ ಆಸುಪಾಸು. ಇದಕ್ಕಿಂತ ತೀರಾ ಕಡಿಮೆ ಹೇಳುವ ಪ್ಯಾಕೇಜ್ ಉಳಿತಾಯವನ್ನು ಎಲ್ಲಿಂದ ತೆಗೆಯುತ್ತಿದೆ ಎಂದು ಊಹಿಸುವುದು ಕಷ್ಟವಲ್ಲ. ನಾಮ್ಚೆಯಲ್ಲಿ ನೀವು ನಿಂತ ದಿನಕ್ಕೆ ಅರ್ಧ ಕೂಲಿ ಕೊಡುವವರಿದ್ದಾರೆ, ಅದನ್ನು ಒಪ್ಪಬೇಡಿ. ಲುಕ್ಲಾಕ್ಕೆ ವಿಮಾನ ಬಾರದೆ ನೀವು ಕಾಠ್ಮಂಡುವಿನಲ್ಲೋ, ಲುಕ್ಲಾ ವಿಮಾನ ಹೊರಡುವ ಇನ್ನೊಂದು ಊರಾದ ರಾಮೇಛಾಪ್‌ನಲ್ಲೋ ಎರಡು ದಿನ ಸಿಕ್ಕಿಕೊಂಡರೆ, ಅಷ್ಟು ದಿನ ಪೋರ್ಟರ್‌ಗಳು ಲುಕ್ಲಾದಲ್ಲಿ ಕೈಯಿಂದ ಖರ್ಚು ಮಾಡಿಕೊಂಡು ಕಾಯುತ್ತಿರುತ್ತಾರೆ. ಕಾದ ದಿನದ ಕೂಲಿ ಯಾರದು ಎನ್ನುವುದು ಮೊದಲೇ ಇತ್ಯರ್ಥವಾಗಿರಲಿ. ಮುಗಿಸಿ ಅವರು ಊರಿಗೆ ನಡೆದು ಹೋಗುವ ದಿನಗಳದ್ದೂ ಹಾಗೆಯೇ. ದಸೈಂ ಹಬ್ಬ ನಿಮ್ಮ ದಿನಾಂಕದ ನಡುವೆ ಬಂದರೆ ಪೋರ್ಟರ್ ಸಿಗುವುದೇ ಕಷ್ಟ, ದರ ಏರುತ್ತದೆ. ಅದು ನ್ಯಾಯವೇ, ನಮ್ಮಲ್ಲಿ ದೀಪಾವಳಿಗೆ ಮನೆ ಬಿಟ್ಟು ಕೆಲಸಕ್ಕೆ ಬರುವವರು ಹೆಚ್ಚು ಕೇಳುವುದಿಲ್ಲವೇ?

ವಿಮೆಯಲ್ಲಿ ಮೋಸ ಹೋಗುವುದು ತೀರಾ ಸುಲಭ. ಏಜೆನ್ಸಿ ತನ್ನ ಕೆಲಸಗಾರರಿಗೆ ವಿಮೆ ಮಾಡಿಸಲೇಬೇಕು. ಮಾಡಿಸಿರುತ್ತದೆ ಕೂಡ. ಆದರೆ ಪಟ್ಟಿಯಲ್ಲಿರುವುದು ಕಾಠ್ಮಂಡುವಿನಲ್ಲಿ ಬರೆದ ಹೆಸರು. ಲುಕ್ಲಾದಲ್ಲಿ ಬೆಳಿಗ್ಗೆ ನಾಯ್ಕೆ ಕರೆತಂದವರು ಬೇರೆ. ಅವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಹೊರಡುವ ವಾರಕ್ಕೆ ಮೊದಲು ಮೂವರ ಹೆಸರು, ವಯಸ್ಸು, ವಿಮೆಯ ಪ್ರತಿ ತರಿಸಿಕೊಳ್ಳಿ, ಲುಕ್ಲಾದಲ್ಲಿ ಬಂದವರು ಅವರೇನಾ ನೋಡಿ. ಬದಲಾಗಿದ್ದರೆ ಗೈಡ್ ಅಲ್ಲಿಂದಲೇ ಏಜೆನ್ಸಿಗೆ ಫೋನ್ ಮಾಡಿ ಹೊಸ ಹೆಸರು ಸೇರಿಸಲಿ. ಹದಿನೆಂಟು ತುಂಬದವರು ಬೇಡ ಎಂದು ಮೊದಲೇ ಬರೆದು ತಿಳಿಸಿ. ಸಾವು, ಅಂಗವೈಕಲ್ಯಕ್ಕೆ ಪರಿಹಾರ ಇದ್ದು ಹೆಲಿಕಾಪ್ಟರ್ ರಕ್ಷಣೆಯ ಖರ್ಚು ಇಲ್ಲದಿರುವ ಪಾಲಿಸಿಗಳಿವೆ, ಅದನ್ನು ಬೇರೆಯಾಗಿ ಕೇಳಿ. ನಿಮ್ಮ ಸ್ವಂತ ವಿಮೆ ಅವರಿಗೆ ಅನ್ವಯಿಸುವುದಿಲ್ಲ.

ಇನ್ನು ಕಾಯಿಲೆ. ಚಾರಣದಲ್ಲಿ ದಿನಾ ಸಂಜೆ ಐದು ನಿಮಿಷ ಇದಕ್ಕೆ ಇಡಿ. ಗೈಡ್‌ಗೆ ‘ಅವರೆಲ್ಲ ಹೇಗಿದ್ದಾರೆ’ ಎಂದು ಕೇಳಿದರೆ ‘ಠೀಕ್ ಛ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎದ್ದು ಹೋಗಿ ಮೂವರನ್ನೂ ಮುಖ ನೋಡಿ ಮಾತಾಡಿಸಿ. ಹೆಚ್ಚಿನವರಿಗೆ ಹಿಂದಿ ತಿಳಿಯುತ್ತದೆ, ಇದು ಬೇರೆ ದೇಶದ ಚಾರಣಿಗರಿಗೆ ಇಲ್ಲದ ನಿಮ್ಮ ಅನುಕೂಲ. ಕೇಳಬೇಕಾದ್ದು ಮೂರೇ: ಊಟ ಮಾಡಿದಿರಾ, ತಲೆ ನೋಯುತ್ತಿದೆಯಾ, ರಾತ್ರಿ ನಿದ್ದೆ ಬಂತಾ. ತಲೆನೋವಿನ ಜೊತೆ ಊಟ ಸೇರದಿದ್ದರೆ, ವಾಂತಿ ಇದ್ದರೆ, ಅದು ಎತ್ತರದ ಕಾಯಿಲೆ ಎಂದೇ ಹಿಡಿದು ಮರುದಿನ ಮೇಲೇರಿಸಬೇಡಿ. ನೆಲದ ಮೇಲೆ ನೇರ ಗೆರೆಯಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಲು ಹೇಳಿ. ತೂರಾಡಿದರೆ ಮಿದುಳಿನಲ್ಲಿ ಊತ ಶುರುವಾಗಿದೆ ಎಂದರ್ಥ. ಸುಮ್ಮನೆ ಕೂತಾಗಲೂ ಏದುಸಿರು, ಒಣಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇವೆರಡಕ್ಕೂ ಬೆಳಗಾಗುವವರೆಗೆ ಕಾಯುವಂತಿಲ್ಲ, ಅಂದೇ ಕನಿಷ್ಠ 500ರಿಂದ 1000 ಮೀಟರ್ ಇಳಿಸಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರನ್ನು ನೆಚ್ಚಿ ಕೂರಬೇಡಿ. 5000 ಮೀಟರ್‌ನಲ್ಲಿ ಆರೋಗ್ಯವಂತರಿಗೂ ಅದು ರಕ್ತದ ಆಮ್ಲಜನಕ ಶೇ. 80ರ ಆಸುಪಾಸು ತೋರಿಸುತ್ತದೆ.

ಇಳಿಸುವಾಗ ಜೊತೆಗೆ ಇನ್ನೊಬ್ಬರು ಇರಲೇಬೇಕು, ಅವರ ಭಾಷೆ ಬಲ್ಲವರು, ನಡೆಸಿಕೊಂಡು ಹೋಗುವ ಕಸುವುಳ್ಳವರು. ಹೊರೆ ಬೇರೆಯವರಿಗೆ ಹೋಗಲಿ. ಕೈಯಲ್ಲಿ ಹಣ, ಗೈಡ್ ಬರೆದ ಚೀಟಿ, ಟಾರ್ಚ್ ಇರಲಿ. ಪೂರ್ತಿ 11 ದಿನದ ಕೂಲಿ ಸಿಗುತ್ತದೆ ಎಂದು ಅವರೆದುರೇ ಹೇಳಿ, ಇಲ್ಲದಿದ್ದರೆ ಮುಂದಿನ ಬಾರಿ ಮತ್ತೆ ಮುಚ್ಚಿಡುತ್ತಾರೆ. ಫೆರಿಚೆಯಲ್ಲಿ, ಸುಮಾರು 4300 ಮೀಟರ್ ಎತ್ತರದಲ್ಲಿ, ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾಲಯ ಚಾರಣದ ಋತುಗಳಲ್ಲಿ ತೆರೆದಿರುತ್ತದೆ. ನೇಪಾಳಿಗಳಿಗೆ ಅಲ್ಲಿ ಕಡಿಮೆ ಶುಲ್ಕ. ಮಧ್ಯಾಹ್ನ ಎತ್ತರದ ಕಾಯಿಲೆಯ ಬಗ್ಗೆ ಅವರು ಕೊಡುವ ಪಾಠಕ್ಕೆ ಡಿಂಗ್‌ಬೋಚೆಯ ಬಿಡುವಿನ ದಿನ ನಡೆದು ಹೋಗಬಹುದು, ಪೋರ್ಟರ್‌ಗಳನ್ನೂ ಕರೆದುಕೊಂಡು ಹೋಗಿ. ತಂಡದಲ್ಲಿ ತಲೆಗೆ 3000 ನೇಪಾಳಿ ರೂಪಾಯಿ ಮೊದಲೇ ಒಟ್ಟು ಹಾಕಿ ಬೇರೆ ಇಟ್ಟರೆ ಕುದುರೆ, ಔಷಧಿ, ಒಂದು ರಾತ್ರಿಯ ಕೋಣೆಯ ಖರ್ಚಿಗೆ ಯಾರ ಮುಖವನ್ನೂ ನೋಡಬೇಕಿಲ್ಲ.

ಅಕ್ಟೋಬರ್ ಎಂದರೆ ತಿಳಿಯಾದ ಆಕಾಶ ಎಂಬ ನಂಬಿಕೆಯ ಮೇಲೆ ಪೋರ್ಟರ್‌ಗಳ ಬಟ್ಟೆಯ ವಿಷಯ ಬಿಟ್ಟುಹೋಗುತ್ತದೆ. 2014ರ ಅಕ್ಟೋಬರ್‌ನಲ್ಲಿ, ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತದ ಉಳಿಕೆ ಅನ್ನಪೂರ್ಣ ಭಾಗದ ಥೋರಂಗ್ ಲಾ ಎಂಬ ಎತ್ತರದ ಕಣಿವೆದಾರಿಯ ಸುತ್ತ ಹಿಮವಾಗಿ ಸುರಿದು ಸುಮಾರು 40 ಮಂದಿ ಸತ್ತರು. ಗೈಡ್‌ಗಳೂ ಪೋರ್ಟರ್‌ಗಳೂ ಅವರಲ್ಲಿದ್ದರು. ನಾಮ್ಚೆಯಲ್ಲಿ ಬಿಡುವಿನ ದಿನ ಒಬ್ಬೊಬ್ಬರದ್ದೂ ನೋಡಿ: ಅಡಿ ಸವೆಯದ ಶೂ, ಎರಡು ಜೊತೆ ದಪ್ಪ ಕಾಲುಚೀಲ, ಗಾಳಿ ತಡೆಯುವ ಜಾಕೆಟ್ ಮತ್ತು ಪ್ಯಾಂಟು, ಒಳಗೊಂದು ಫ್ಲೀಸ್, ಕೈಗವಸು, ಉಣ್ಣೆಯ ಟೋಪಿ, ಕಪ್ಪು ಕನ್ನಡಕ, ಹೊದಿಕೆ. ಬಿಟ್ಟುಹೋಗುವುದು ಯಾವಾಗಲೂ ಕನ್ನಡಕ. ಹೊಸ ಹಿಮದ ಮೇಲೆ ಒಂದು ಹಗಲು ಬರಿಗಣ್ಣಿನಲ್ಲಿ ನಡೆದರೆ ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿ, ಮರುದಿನ ದಾರಿ ಕಾಣುವುದಿಲ್ಲ. ಏನು ಕಡಿಮೆ ಬಿದ್ದರೂ ನಾಮ್ಚೆಯಲ್ಲೇ ಕೊಳ್ಳಬೇಕು, ಅಲ್ಲಿಂದ ಮೇಲೆ ಸಿಕ್ಕರೂ ದುಬಾರಿ.

ಟಿಪ್ಸ್ ಕೂಲಿಯ ಕೊರತೆ ತುಂಬುವ ದುಡ್ಡಲ್ಲ. ‘ಕೂಲಿ ಕಡಿಮೆಯೇ, ನೀವು ಟಿಪ್ಸ್ ಚೆನ್ನಾಗಿ ಕೊಡಿ’ ಎನ್ನುವ ಏಜೆನ್ಸಿಯನ್ನು ಅಲ್ಲಿಗೇ ಬಿಡಿ. 11 ದಿನಕ್ಕೆ ಇಡೀ ತಂಡದಿಂದ ಒಬ್ಬ ಪೋರ್ಟರ್‌ಗೆ ಮೂರು–ನಾಲ್ಕು ದಿನದ ಕೂಲಿಯಷ್ಟು, ಅಂದರೆ 8000ದಿಂದ 10,000 ನೇಪಾಳಿ ರೂಪಾಯಿ ಮರ್ಯಾದೆಯ ಮೊತ್ತ. ಲುಕ್ಲಾದ ಕೊನೆಯ ಸಂಜೆ, ಮೂರು ಬೇರೆ ಬೇರೆ ಲಕೋಟೆ, ಮೇಲೆ ಹೆಸರು, ಒಳಗೆ ನೇಪಾಳಿ ನೋಟು. ನೇರವಾಗಿ ಅವರವರ ಕೈಗೆ. ‘ಎಲ್ಲ ನನ್ನ ಕೈಗೆ ಕೊಡಿ, ಹಂಚುತ್ತೇನೆ’ ಎಂದು ಗೈಡ್ ಹೇಳಿದರೆ ನಗುನಗುತ್ತಲೇ ‘ಬೇಡ’ ಎನ್ನಿ. ಆಗಲೇ ‘ಕೂಲಿ ಪೂರ್ತಿ ಬಂತಾ’ ಎಂದೂ ಕೇಳಿ. ಬಂದಿಲ್ಲದಿದ್ದರೆ ಗೈಡ್ ಎದುರಿಗಿರುವಾಗಲೇ ಇತ್ಯರ್ಥವಾಗಬೇಕು, ನೀವು ವಿಮಾನ ಹತ್ತಿದ ಮೇಲೆ ಅವರ ಮಾತು ಕೇಳುವವರು ಯಾರೂ ಇರುವುದಿಲ್ಲ.

ಹಳೇ ಬಟ್ಟೆಯ ಬಗ್ಗೆ ಕೇಳಿದ್ದೀರಿ. ಖಂಡಿತ ಉಪಯೋಗ, ಆದರೆ ಇಳಿದ ಮೇಲೆ ಕೊಡುವುದಕ್ಕಿಂತ ಏರುವ ಮೊದಲು ಕೊಡಿ. ಕಾಠ್ಮಂಡುವಿನ ಥಮೆಲ್‌ನಲ್ಲಿ ಕೀಪ್ ಎಂಬ ಸಂಸ್ಥೆ ಪೋರ್ಟರ್‌ಗಳಿಗಾಗಿಯೇ ಬಟ್ಟೆಯ ಬ್ಯಾಂಕ್ ನಡೆಸುತ್ತದೆ, ಋತುವಿನಲ್ಲಿ ಅವರಿಗೆ ಜಾಕೆಟ್, ಶೂ ಎರವಲು ಕೊಡುತ್ತದೆ. ಅಲ್ಲಿ ಬಿಟ್ಟರೆ ಒಂದೇ ಜಾಕೆಟ್ ಹಲವರ ಬೆನ್ನು ಕಾಯುತ್ತದೆ. ಲುಕ್ಲಾ ವಿಮಾನದ 15 ಕಿಲೋ ಲೆಕ್ಕಕ್ಕೂ ಅದು ಸೇರುವುದಿಲ್ಲ. ಶೂ 6ರಿಂದ 8ನೇ ನಂಬರಿನವು ಹೆಚ್ಚು ಬೇಕಾಗುತ್ತವೆ. ಒಯ್ಯುವ ಮೊದಲು ಅಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಬೀರುವಿನಲ್ಲಿ ನಾಲ್ಕೈದು ವರ್ಷ ಕೂತ ಚಾರಣದ ಶೂಗಳ ಅಂಟು ಬಿಟ್ಟು, ನಡೆಯಲು ಶುರು ಮಾಡಿದ ಎರಡನೇ ದಿನಕ್ಕೇ ಅಟ್ಟೆ ಕಿತ್ತು ಬರುತ್ತದೆ. ಅಂಥದ್ದನ್ನು ಕೊಡಬೇಡಿ.